ಸಹಾಯ ಬೇಕು: ಅಮ್ಮ-ಮಗಳಿಗೆ ಸಣ್ಣ ರೂಮು, ಒಂದು ಹೊಲಿಗೆ ಮೆಷಿನ್

ಎಲ್ಲರಿಗೂ ನಮಸ್ಕಾರ. ಪರಿಚಯದ ಒಬ್ಬರು ಅಕ್ಕ ಮೊನ್ನೆ ರಾತ್ರಿ ಜೋರು ಮಳೆಯಲ್ಲಿ ಮಗಳ ಜೊತೆ ನಮ್ಮ ಬಾಗಿಲು ತಟ್ಟಿದರು. ಇಬ್ಬರ ಕಾಲಲ್ಲೂ ಚಪ್ಪಲಿ ಇಲ್ಲ. ಮಗು ಶಾಲೆಯ ಬ್ಯಾಗ್ ಮಾತ್ರ ಬಿಟ್ಟಿರಲಿಲ್ಲ. ಗಂಡನ ಹೊಡೆತ ಹೊಸತೇನಲ್ಲ. ಗೊತ್ತಿದ್ದೂ ಸುಮ್ನಿದ್ದದ್ದು ನಮ್ಮ ತಪ್ಪು, ಅಲ್ವಾ?

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆವು. ಈಗ ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿದ್ದಾರೆ, ಆದರೆ ಅಲ್ಲಿ ಇರಲು ಸಿಗುವುದು ಸಾಮಾನ್ಯವಾಗಿ 5 ದಿನ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಗಂಡನ ಮನೆಯಲ್ಲೇ ಇರುವ ಹಕ್ಕಿದೆ, ನಿಜ. ಆ ಮೆಟ್ಟಿಲು ಹತ್ತುವ ಧೈರ್ಯ ಮಾತ್ರ ಅವರಿಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರಿಗೆ ಅರ್ಜಿ ಹಾಕಿದ್ದೇವೆ.

ಉಡುಪಿ ಅಥವಾ ಮಂಗಳೂರಿನಲ್ಲಿ ಸಣ್ಣ ರೂಮು ಇದ್ದರೆ ತಿಳಿಸಿ. ಅಡ್ವಾನ್ಸ್ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಅಕ್ಕ ರವಿಕೆ ಚಂದ ಹೊಲಿಯುತ್ತಾರೆ, ಮೆಷಿನ್ ಆ ಮನೆಯಲ್ಲೇ ಉಳಿದಿದೆ. ಹಳೆಯದಾದರೂ ಸಾಕು. ನಡು ವರ್ಷದಲ್ಲಿ ಮಗುವಿನ ಶಾಲೆ ಬದಲಿಸಿ ಗೊತ್ತಿರುವವರು ಟಿಸಿ ವಿಷಯ ಹೇಳಿ.

ಹೆಸರು, ಊರು ಇಲ್ಲಿ ಕೇಳಬೇಡಿ. ಗಂಡನ ಕಡೆಯವರೂ ಗ್ರೂಪಲ್ಲಿ ಇರಬಹುದು. ನನಗೆ ನೇರ ಮೆಸೇಜ್ ಹಾಕಿ. ‘ಹೊಂದಿಕೊಂಡು ಹೋಗಲಿ’ ಅನ್ನುವ ಬುದ್ಧಿಮಾತೂ ಬೇಡ. ಅದನ್ನು ಅವರು ಹತ್ತು ವರ್ಷ ಕೇಳಿ ಆಗಿದೆ.