ಒಂದೇ ದಿನದಲ್ಲಿ ಹನ್ನೆರಡು ಜಾಗ

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ.ಗೆ ಸೇರಿ ಎಂಟು ತಿಂಗಳಾಯಿತು. ಬರುವ ಭಾನುವಾರ ಅರಸೀಕೆರೆಯಿಂದ ಮನೆಮಂದಿಯೆಲ್ಲ ಟಿ.ಟಿ. (ಟೆಂಪೋ ಟ್ರಾವೆಲರ್) ಮಾಡಿಕೊಂಡು ಮೈಸೂರಿಗೆ ಬರುತ್ತಿದ್ದಾರೆ. ಗುರುವಾರ ರಾತ್ರಿ ದೊಡ್ಡಪ್ಪ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು: 'ಒಂದೇ ದಿನದಲ್ಲಿ ಮೈಸೂರು, 12 ಜಾಗ'. ಆಮೇಲೆ ನಡೆದದ್ದು ಇದು. ಮಧ್ಯೆ ಬಂದ ಗುಡ್ ನೈಟ್ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ: ಎಲ್ಲರೂ ಓದಿ. ಟೈಮ್ ಸಮೇತ ಕೊಟ್ಟಿದ್ದಾರೆ. 8ಕ್ಕೆ ಬೆಟ್ಟ, 9ಕ್ಕೆ ಮೈಲಾರಿ ದೋಸೆ, 10ಕ್ಕೆ ಮೃಗಾಲಯ, 11ಕ್ಕೆ ಅರಮನೆ. ಸಂಜೆ 7ಕ್ಕೆ ಅರಮನೆ ದೀಪ, 7.15ಕ್ಕೆ ಬೃಂದಾವನ. ಹೀಗೇ ಹೋದರೆ ಒಂದೂ ತಪ್ಪುವುದಿಲ್ಲ.

ಚಿಕ್ಕಪ್ಪ: ಅಣ್ಣಾ, ಅರಮನೆಯಿಂದ ಕೆ.ಆರ್.ಎಸ್.ಗೆ 20 ಕಿಲೋಮೀಟರ್ ಹತ್ತಿರ ಇದೆ. ಕಾಲು ಗಂಟೆಯಲ್ಲಿ ಹೋಗೋಕೆ ಟಿ.ಟಿ.ಗೆ ರೆಕ್ಕೆ ಕಟ್ಟಿಸಿದ್ದೀಯಾ?

ದೊಡ್ಡಪ್ಪ: ದೀಪ ಐದು ನಿಮಿಷ ನೋಡಿದರೆ ಸಾಕು.

ಅತ್ತೆ: ಐದು ನಿಮಿಷಕ್ಕೆ ಮೈಸೂರಿನ ತನಕ ಯಾಕೆ ಬರಬೇಕಣ್ಣಾ? ನಮ್ಮ ಗಣಪತಿ ಪೆಂಡಾಲ್ ಸೀರಿಯಲ್ ಸೆಟ್ಟೇ ನೋಡಬಹುದಲ್ವಾ?

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಆ ಪಟ್ಟಿ ಬರೆದವರು ಒಂದು ದಿನವೂ ಇಲ್ಲಿ ಬಸ್ ಹತ್ತಿದ ಹಾಗೆ ಕಾಣುವುದಿಲ್ಲ. ಮೃಗಾಲಯ ಒಂದನ್ನೇ ಸರಿಯಾಗಿ ಸುತ್ತಿದರೆ ಮೂರು ಗಂಟೆ ಬೇಕು. ಅರಮನೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಭಾನುವಾರ ಒಳಗೆ ನಾವು ನಡೆಯುವುದಿಲ್ಲ, ಹಿಂದಿನವರು ತಳ್ಳುತ್ತಾರೆ. ಅಜ್ಜಿಯ ಮಂಡಿ ನೆನಪಿರಲಿ. ಬೃಂದಾವನ ಬಿಡೋಣ. ಮೃಗಾಲಯವನ್ನೂ ಬಿಡೋಣ. ನೀವೆಲ್ಲ ಮೂರು ಸಲ ನೋಡಿದ್ದೀರಿ.

ಬೆಂಗಳೂರು ಅಣ್ಣ: ಮೃಗಾಲಯ ಬಿಡೋದಾ? ನನ್ನ ಮಗ ಜಿರಾಫೆ ಅಂತ ಒಂದು ವಾರದಿಂದ ಕುಣಿಯುತ್ತಿದ್ದಾನೆ.

ನಾನು: ಹಾಗಾದರೆ ನೀನೂ ಅತ್ತಿಗೆಯೂ ಅವನನ್ನು ಕರೆದುಕೊಂಡು ಹೋಗಿ. ಸದ್ಯ ಭಾನುವಾರ, ಮಂಗಳವಾರ ಆಗಿದ್ದರೆ ರಜೆ.

ದೊಡ್ಡಪ್ಪ: ಗುಂಪು ಒಡೆಯಬಾರದು. ಬಂದರೆ ಎಲ್ಲರೂ ಒಟ್ಟಿಗೆ.

ಚಿಕ್ಕಪ್ಪ: ಮಧ್ಯಾಹ್ನ ಒಂದು ಗಂಟೆ ನಾನು ಒಡೆಯುತ್ತೇನೆ. ಅಕ್ಬರ್ ರೋಡಿನಲ್ಲಿ ಹನುಮಂತು ಪಲಾವ್. ಮಟನ್. ಇದಕ್ಕೆ ಚರ್ಚೆ ಬೇಡ.

ದೊಡ್ಡಮ್ಮ: ಚಾಮುಂಡಿ ದರ್ಶನ ಮಾಡಿದ ದಿನ ಮಟನ್ ತಿನ್ನುತ್ತೀರಾ? ಅಡುಗೆ ಮನೆಯಲ್ಲಿ ಮೊಟ್ಟೆ ಬೇಯಿಸಿದರೇ ನಾನು ಪಾತ್ರೆ ಬೇರೆ ಇಡುತ್ತೇನೆ.

ಚಿಕ್ಕಪ್ಪ: ಅತ್ತಿಗೆ, ತಿಂದು ಬೆಟ್ಟ ಹತ್ತುತ್ತಿಲ್ಲ. ಇಳಿದ ಮೇಲೆ ತಿನ್ನುತ್ತಿದ್ದೇನೆ.

ದೊಡ್ಡಮ್ಮ: ಅದೇನು ಬಸ್ ಟಿಕೆಟ್ಟಾ, ಇಳಿದ ಮೇಲೆ ಎಸೆಯೋಕೆ?

(ಇಲ್ಲಿ ಅಜ್ಜಿಯ ವಾಯ್ಸ್ ಮೆಸೇಜ್ ಬಂತು. 48 ಸೆಕೆಂಡ್, ಅದರಲ್ಲಿ 20 ಸೆಕೆಂಡ್ ಟಿವಿ ಧಾರಾವಾಹಿಯ ಅಳು. ಸಾರಾಂಶ: ತಿಂದು ದೇವಸ್ಥಾನಕ್ಕೆ ಹೋಗಬಾರದು, ಹೋಗಿ ಬಂದು ತಿಂದರೆ ಅವನ ಹೊಟ್ಟೆ ಅವನದು. ನನಗೆ ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ವೀಳ್ಯದೆಲೆ, ಎರಡು ಮೊಳ ಮಲ್ಲಿಗೆ ಕೊಡಿಸಿ, ನಾನು ಟಿ.ಟಿ.ಯಲ್ಲೇ ಕೂತಿರುತ್ತೇನೆ.)

ಅತ್ತೆ: ಅಮ್ಮ ತೀರ್ಪು ಕೊಟ್ಟಾಯಿತು. ನನಗೆ ಮೆಟ್ಟಿಲು ಹತ್ತುವ ಹರಕೆ ಇದೆ, ಅದರದ್ದು ಹೇಳಿ.

ನಾನು: ಅತ್ತೆ, ಸಾವಿರ ಮೆಟ್ಟಿಲು. ಹೋದ ಸಲ ಊರಲ್ಲಿ ವಾಟರ್ ಟ್ಯಾಂಕ್ ಹತ್ತಿಯೇ ಕೂತುಬಿಟ್ಟಿರಿ. ನಾನು ಹೇಳುವುದು ಕೇಳಿ. ಟಿ.ಟಿ.ಯಲ್ಲಿ ಮೇಲೆ ಹೋಗೋಣ. ದರ್ಶನ ಮುಗಿಸಿ ಮುನ್ನೂರು ಮೆಟ್ಟಿಲು ಇಳಿದರೆ ನಂದಿ. ಅಲ್ಲಿಗೆ ರಸ್ತೆಯೂ ಇದೆ, ಡ್ರೈವರಿಗೆ ಅಲ್ಲೇ ಕಾಯಲು ಹೇಳಿದರಾಯಿತು. ನಂದಿ ಒಂದೇ ಕಲ್ಲಿನದು, ದೊಡ್ಡ ದೇವರಾಜ ಒಡೆಯರ ಕಾಲದ್ದು. ಕೊರಳಿನ ಗಂಟೆಸರ ಹತ್ತಿರದಿಂದ ನೋಡಿ, ಒಂದೊಂದು ಗಂಟೆಯೂ ಬೇರೆ ಬೇರೆ ಬಿಡಿಸಿದ್ದಾರೆ.

ಅತ್ತೆ: ಇಳಿದರೆ ಹರಕೆ ತೀರುತ್ತಾ?

ಚಿಕ್ಕಪ್ಪ: ಡಿಸ್ಕೌಂಟ್ ಕೇಳು.

ದೊಡ್ಡಪ್ಪ: ದೋಸೆ ವಿಷಯಕ್ಕೆ ಬನ್ನಿ. ದಾವಣಗೆರೆ ಬೆಣ್ಣೆ ದೋಸೆ ತಿಂದವರಿಗೆ ಇನ್ನೊಂದು ದೋಸೆ ತೋರಿಸುವುದು ಏನಿದೆ?

ನಾನು: ಇದು ಬೇರೆ ಜಾತಿ ದೊಡ್ಡಪ್ಪ. ಗರಿಗರಿ ಇರುವುದಿಲ್ಲ. ಮೆತ್ತಗೆ, ಮಡಚಿದರೆ ಕರವಸ್ತ್ರದ ಹಾಗೆ ಮಡಚುತ್ತದೆ. ಒಳಗೆ ಸಾಗು, ಮೇಲೆ ಬೆಣ್ಣೆ ಮುದ್ದೆ ಇನ್ನೂ ಕರಗುತ್ತಾ ಇರುತ್ತದೆ. ಪಕ್ಕದಲ್ಲಿ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ.

ಬೆಂಗಳೂರು ಅಣ್ಣ: ನಜರಬಾದಿನಲ್ಲಿ ಎರಡು ಮೈಲಾರಿ ಇದೆಯಲ್ಲ, ಅಸಲಿ ಯಾವುದು?

ನಾನು: ಆ ಜಗಳ ಮೈಸೂರಿನವರಿಗೇ ಮುಗಿದಿಲ್ಲ. ಕ್ಯೂ ಕಡಿಮೆ ಇರುವುದಕ್ಕೆ ನುಗ್ಗೋಣ. ಎರಡೂ ತುಂಬಿದ್ದರೆ ಚಾಮುಂಡಿಪುರಂನ ಜಿ.ಟಿ.ಆರ್. ಹೋಟೆಲ್.

ದೊಡ್ಡಮ್ಮ: ಅರಮನೆ ಹತ್ತಿರವೇ ಊಟ ಮಾಡಿದರೆ ಆಗಲ್ವಾ? ಸುಮ್ನೆ ಯಾಕೆ ಊರೆಲ್ಲ ಸುತ್ತೋದು?

ಅತ್ತೆ: ಬೇಡ ಅತ್ತಿಗೆ. ದಸರಾಕ್ಕೆ ಬಂದಾಗ ಅಲ್ಲೊಂದು ಹೋಟೆಲು, ಹೆಸರು ಬೇಡ, ಬೋರ್ಡಲ್ಲಿ ಒಂದು ರೇಟು, ಬಿಲ್ಲಲ್ಲಿ ಇನ್ನೊಂದು. ಕೇಳಿದರೆ 'ಎ.ಸಿ. ಚಾರ್ಜ್' ಅಂದರು. ಎ.ಸಿ. ಇತ್ತು, ಆನ್ ಇರಲಿಲ್ಲ.

ನಾನು: ಅರಮನೆ ಅಂದ ಮೇಲೆ ಒಂದು ವಿಷಯ. ಹಳೆಯ ಮರದ ಅರಮನೆ ಸುಟ್ಟುಹೋಗಿದ್ದು 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯ ಮದುವೆ ಸಮಯದಲ್ಲಿ. ಈಗ ಜನ ನೋಡುವುದು 1912ರಲ್ಲಿ ಮುಗಿದ ಹೊಸದನ್ನು. ಅದೇ ರಾಜಕುಮಾರಿಗೆ ಕಟ್ಟಿಸಿದ ಜಯಲಕ್ಷ್ಮೀವಿಲಾಸ ನಮ್ಮ ಕ್ಯಾಂಪಸ್ಸಿನಲ್ಲೇ ಇದೆ. ದಿನಾ ಅದನ್ನು ದಾಟಿ ಲೈಬ್ರರಿಗೆ ಹೋಗುತ್ತೇನೆ. ಫಾರ್ವರ್ಡಿನ ಹನ್ನೆರಡರಲ್ಲಿ ಅದಿಲ್ಲ.

ಅತ್ತೆ: ಅಯ್ಯೋ, ಮದುವೆ ಮನೆಗೆ ಬೆಂಕಿ! ಆ ಹುಡುಗಿಗೆ ಎಷ್ಟು ಜನ ಏನೇನು ಅಂದಿರಬೇಕು.

ನಾನು: ಕುಕ್ಕರಹಳ್ಳಿ ಕೆರೆಯೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ, 1864ರದ್ದು. ಸಂಜೆ ಐದೂವರೆಗೆ ಏರಿ ಮೇಲೆ ನಡೆದರೆ ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದು ಕಾಣುತ್ತದೆ. ದೊಡ್ಡ ಹಕ್ಕಿ, ಇಳಿಯುವಾಗ ಕಾಲನ್ನು ಮುಂದಕ್ಕೆ ಚಾಚಿ ನೀರಿನ ಮೇಲೆ ಜಾರುತ್ತದೆ, ಥೇಟ್ ಚಿಕ್ಕಪ್ಪ ಸ್ಕೂಟರಿಗೆ ಬ್ರೇಕ್ ಹಾಕುವ ಹಾಗೆ. ತಿಂಗಳ ಕೊನೆಯಲ್ಲಿ ದುಡ್ಡಿಲ್ಲದಾಗ ನಾವು ಹುಡುಗಿಯರು ಹೋಗುವುದು ಅಲ್ಲಿಗೇ. ಒಂದು ಪೊಟ್ಟಣ ಚುರುಮುರಿ, ಮೂರು ಜನ. ಮಾವಿನಕಾಯಿ ತುರಿ ಜಾಸ್ತಿ ಹಾಕಿಸಿಕೊಂಡಿರುತ್ತೇವೆ. ಮೈಲಾರಿಗೆ ಈ ಎಂಟು ತಿಂಗಳಲ್ಲಿ ಎರಡೇ ಸಲ ಹೋಗಿದ್ದೇನೆ. ಒಂದು ಸಲ ಬಿಲ್ ಫ್ರೆಂಡ್ ಕೊಟ್ಟಳು.

ದೊಡ್ಡಪ್ಪ: ದುಡ್ಡಿಲ್ಲದಾಗ ಅಂದರೆ ಏನರ್ಥ? ನಿಮ್ಮಪ್ಪ ಕಳಿಸುತ್ತಿಲ್ಲವಾ?

ಅಪ್ಪ: ಕಳಿಸುತ್ತಿದ್ದೇನೆ.

ಅತ್ತೆ: ಅಣ್ಣಾ, ವಿಷಯ ತಿರುಗಿಸಬೇಡ. ಮೈಸೂರ್‌ಪಾಕ್ ಎಲ್ಲಿ ತಗೊಳ್ಳೋದು?

ನಾನು: ಸಯ್ಯಾಜಿರಾವ್ ರಸ್ತೆ, ಗುರು ಸ್ವೀಟ್ಸ್. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಮಾರ್ಕೆಟ್ ಅಲ್ಲೇ, ಅಜ್ಜಿಯ ಎಲೆ ಹೂವು ಎಲ್ಲ ಆಗುತ್ತದೆ.

ದೊಡ್ಡಮ್ಮ: ಮೆತ್ತಗಿರೋದು ಬೇಡ. ಅದು ಮೈಸೂರ್‌ಪಾಕ್ ಅಲ್ಲ, ತುಪ್ಪದ ಸೋಪು. ತೂತು ತೂತಾಗಿರಬೇಕು, ನಡುವೆ ಕೆಂಪಗೆ ಕಾದಿರಬೇಕು, ಕಚ್ಚಿದರೆ ಉದುರಬೇಕು.

ಬೆಂಗಳೂರು ಅಣ್ಣ: ಅಮ್ಮಾ, ಹಲ್ಲು ಉದುರುತ್ತದೆ.

ದೊಡ್ಡಪ್ಪ: ಸರಿ. ಕೊನೆಗೆ ಏನು ತೀರ್ಮಾನ? ಹನ್ನೆರಡರಲ್ಲಿ ಎಷ್ಟು ಉಳಿಯಿತು?

ನಾನು: ಬೆಟ್ಟ, ನಂದಿ, ದೋಸೆ. ಹನ್ನೊಂದಕ್ಕೆ ಅಣ್ಣನ ಮನೆಯವರು ಜಿರಾಫೆಗೆ, ಉಳಿದವರು ಮಾರ್ಕೆಟ್ಟಿಗೆ. ಒಂದು ಗಂಟೆಗೆ ಚಿಕ್ಕಪ್ಪ ಅಕ್ಬರ್ ರೋಡಿಗೆ. ಸಂಜೆ ಎಲ್ಲರೂ ಕೆರೆಗೆ, 7ಕ್ಕೆ ಅರಮನೆ ದೀಪ. ಒಳಗೆ ಹೋಗುವುದು ಬೇಡ. ಲಕ್ಷದ ಹತ್ತಿರ ಬಲ್ಬು ಒಂದೇ ಸಲಕ್ಕೆ ಹತ್ತುವ ಕ್ಷಣ ಇದೆಯಲ್ಲ, ಆಗ ಯಾರೂ ಫೋನ್ ನೋಡುತ್ತಾ ಇರಬಾರದು. ಅದಕ್ಕೇ 6.45ಕ್ಕೆ ಅಲ್ಲಿರಬೇಕು.

ದೊಡ್ಡಪ್ಪ: ಆರೇ ಆಯಿತು. ಅರ್ಧ ಹೋಯಿತು.

ಚಿಕ್ಕಪ್ಪ: ಉಳಿದರ್ಧ ಮುಂದಿನ ವರ್ಷ. ಅವಳ ಕೋರ್ಸ್ ಎರಡು ವರ್ಷ ಇದೆ.

ಅಮ್ಮ: ಬಕೆಟ್ ಒಡೆದಿದೆ ಅಂದಿದ್ದೆಯಲ್ಲ, ಹೊಸದು ತಂದಿದ್ದೇನೆ. ಅದರೊಳಗೆ ಚಟ್ನಿಪುಡಿ, ಕೊಬ್ಬರಿ, ಎರಡು ಬೆಡ್‌ಶೀಟ್ ಇದೆ. ಮೊದಲು ಹಾಸ್ಟೆಲ್ಲಿಗೆ ಬಂದು ಅದನ್ನು ಕೊಟ್ಟು ಆಮೇಲೆ ಬೆಟ್ಟಕ್ಕೆ ಹೋಗೋಣ.

ದೊಡ್ಡಪ್ಪ: ಹಾಗಾದರೆ 8ಕ್ಕೆ ಬೆಟ್ಟ ಆಗುವುದಿಲ್ಲ.

ಅಮ್ಮ: ಆಗುವುದಿಲ್ಲ.