ಗರಿಗಳ ಭಾನುವಾರಕ್ಕೆ ಮಕ್ಕಳ ಕೈಲಿ ಕನ್ನಡ ಪದ್ಯ ಬರೆಸುವುದಾದರೆ

ಈಸ್ಟರ್‌ಗೆ ವಾರ ಮುಂಚೆ ಬರುವ, ಯೇಸು ಕತ್ತೆಮರಿಯೇರಿ ಜೆರುಸಲೇಮ್ ಪಟ್ಟಣಕ್ಕೆ ಬಂದದ್ದನ್ನು ನೆನೆಯುವ ಗರಿಗಳ ಭಾನುವಾರದ ಬಗ್ಗೆ ಮಕ್ಕಳಿಂದ ಪದ್ಯ ಬರೆಸುವವರು ಒಂದೇ ಸುವಾರ್ತೆ (ಯೇಸುವಿನ ಕಥೆ ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಲ್ಲಿ ಒಂದು) ಹಿಡಿಯಿರಿ. ನಾಲ್ಕನ್ನೂ ಓದಿಸಿದರೆ ಎಲ್ಲ ಕಲಸುಮೇಲೋಗರ. ಖರ್ಜೂರದ ಗರಿ ಎಂದು ಹೆಸರು ಹಿಡಿದು ಹೇಳುವವನು ಯೋಹಾನ (12:13) ಒಬ್ಬನೇ. ಮತ್ತಾಯ, ಮಾರ್ಕರಲ್ಲಿ ಬರೀ ರೆಂಬೆ. ಲೂಕನಲ್ಲಿ ಅದೂ ಇಲ್ಲ, ದಾರಿಗೆ ಹಾಸಿದ ಬಟ್ಟೆ ಅಷ್ಟೇ. ಯೇಸು ಪಟ್ಟಣ ಕಂಡು ಅತ್ತದ್ದು ಮಾತ್ರ ಲೂಕನಲ್ಲೇ (19:41) ಸಿಗುವುದು. ಚಿಕ್ಕವರಿಗೆ ಮಾರ್ಕನ 11ನೇ ಅಧ್ಯಾಯದ ಮೊದಲ 10 ವಚನ ಸಾಕು: ಕಟ್ಟಿಹಾಕಿದ ಕತ್ತೆಮರಿ, ಬಿಚ್ಚಲು ಹೋದರೆ ಯಾಕೆಂದು ಕೇಳುವ ಜನ.

ಈಸ್ಟರ್ ಹೊತ್ತಿನ ಪದ್ಯವೆಂದು ವಸಂತವನ್ನು ಕಣ್ಣುಮುಚ್ಚಿ ತುರುಕಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿರುವ ಮಗುವಿಗೆ ಆಗ ಶರತ್ಕಾಲ, ಎಲೆ ಉದುರುವ ಹೊತ್ತು. ಪೋಲೆಂಡ್ ಕಡೆ ಗರಿಯ ಬದಲು ವಿಲ್ಲೋ ಕೊಂಬೆ ಹಿಡಿಯುತ್ತಾರೆ. ಮಗು ಕಂಡ ಮರವೇ ಪದ್ಯಕ್ಕೆ ಬರಲಿ.

ಛಂದಸ್ಸಿಗೆ ನಾಲ್ಕು ಮಾತ್ರೆಯ ಗಣ ಸುಲಭ (ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು, ಗಣ ಎಂದರೆ ಮಾತ್ರೆಗಳ ಗುಂಪು), ಸಾಲಿಗೆ ನಾಲ್ಕು ಗಣ:

ಕತ್ತೆಯ ಮರಿಯಿದು ಯಾರನು ಹೊತ್ತಿದೆ,
ಸುತ್ತಲ ಮಂದಿಯು ಕೂಗುವುದೇಕೆ?

ಎರಡನೆಯ ಸಾಲಿನ ಕೊನೆಗೆ ಮೂರೇ ಮಾತ್ರೆ. ಎಳೆದು ಹಾಡಿದರೆ ತುಂಬಿಕೊಳ್ಳುತ್ತದೆ. ಎಣಿಸುವಾಗ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ‘ಕತ್ತೆ’ಯಲ್ಲಿ ಎರಡು ಮಾತ್ರೆ ‘ಕ’ಕ್ಕೆ, ‘ತ್ತೆ’ಗೆ ಒಂದೇ. ಸೊನ್ನೆ ಇದ್ದರೂ ಆ ಅಕ್ಷರ ಎರಡು ಮಾತ್ರೆಯೇ.

ಇಂಗ್ಲಿಷ್ ಪದ್ಯದ ರೂಢಿಯಲ್ಲಿ ಅವರು ಸಾಲಿನ ತುದಿಗೇ ಪ್ರಾಸ ಹುಡುಕುತ್ತಾರೆ. ಆಗ ‘ಬರುತ್ತಾನೆ, ಹೋಗುತ್ತಾನೆ, ನೋಡುತ್ತಾನೆ’ ಎಂಬ ಸಾಲುಸಾಲು ಕ್ರಿಯಾಪದ. ಪ್ರಾಸವೇನೋ ಸಿಕ್ಕಿತು, ಪದ್ಯ ಹೋಯಿತು. ಆದಿಪ್ರಾಸ ಕಲಿಸಿ. ಕತ್ತೆ, ಸುತ್ತಲ, ಹೊತ್ತ ಇವುಗಳಲ್ಲಿ ಎರಡನೆಯ ವ್ಯಂಜನ ಒಂದೇ ಎಂದು ತೋರಿಸಿದರೆ ಉಳಿದವನ್ನು ತಾವೇ ಹೆಕ್ಕುತ್ತಾರೆ.

ಯೇಸುವನ್ನು ಎದುರುಗೊಂಡ ಜನ ಕೂಗಿದ ‘ಹೊಸನ್ನ’ ಎಲ್ಲರಿಗೂ ಬೇಕು, ಆದರೆ ಗಣದೊಳಗೆ ಕೂರಿಸಿದರೆ ಓಟ ಮುಗ್ಗರಿಸುತ್ತದೆ. ಲೆಕ್ಕಕ್ಕೆ ನಾಲ್ಕೇ ಮಾತ್ರೆ, ಆದರೂ ಲಘುವಿನ (ಒಂದು ಮಾತ್ರೆಯ ಅಕ್ಷರ) ಬೆನ್ನಿಗೆ ಗುರು (ಎರಡು ಮಾತ್ರೆಯದು) ಬಂದು ಎಳೆಯುತ್ತದೆ. ಹಳಬರು ಗಣದ ಮೊದಲಿಗೆ ‘ಲಗ’ (ಲಘು, ಆಮೇಲೆ ಗುರು) ಬೇಡವೆಂದದ್ದು ಸುಮ್ಮನೆ ಅಲ್ಲ. ಅದನ್ನು ಪಲ್ಲವಿಯಾಗಿ ಹೊರಗಿಡಿ: ಎರಡು ಸಾಲು ಒಂದು ಮಗು, ಆಮೇಲೆ ಎಲ್ಲರೂ ಮೂರು ಸಲ ‘ಹೊಸನ್ನ’.

ಎಂಟು ಸಾಲಿಗೆ ನಿಲ್ಲಿಸಿ. ಶುಭ ಶುಕ್ರವಾರ, ಈಸ್ಟರ್ ಎರಡನ್ನೂ ಇದರಲ್ಲೇ ಮುಗಿಸುವ ಆಸೆ ಹೆಚ್ಚಾಗಿ ಅಪ್ಪ ಅಮ್ಮನದು, ಮಗುವಿನದಲ್ಲ. ಹನ್ನೆರಡು ದಾಟಿದವರಾದರೆ ಒಂದು ಸುಳಿವು ಕೊಡಬಹುದು: ಈ ವರ್ಷ ಹಿಡಿದ ಗರಿಯನ್ನೇ ಒಣಗಿಸಿ ಸುಟ್ಟು, ಮುಂದಿನ ಬೂದಿ ಬುಧವಾರ (ಈಸ್ಟರ್ ಮುಂಚಿನ ಉಪವಾಸ ಕಾಲದ ಮೊದಲ ದಿನ) ಹಣೆಗೆ ಹಚ್ಚುವ ವಾಡಿಕೆ ಅನೇಕ ಸಭೆಗಳಲ್ಲಿದೆ.