ಅಪ್‌ಡೇಟ್: ಡ್ಯಾಕ್‌ಗೆ ಡಿಜಿಟಲ್ ಸೌಂಡ್ ಕಾರ್ಡ್, ಗುಂಯ್‌ಗುಡುವ ಸದ್ದು ಹೋಯಿತು
ಹೊರಗಿನ ಡ್ಯಾಕ್‌ಗೆ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಪೆಟ್ಟಿಗೆ) ಡಿಜಿಟಲ್ ಸಂಕೇತವನ್ನಷ್ಟೇ ಕೊಡುವ ಸೌಂಡ್ ಕಾರ್ಡ್ ಯಾವುದು, ಸ್ಪೀಕರಿನ ಗುಂಯ್ ಸದ್ದು ಹೋಗುವುದು ಹೇಗೆ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಫಲ ಕೊಟ್ಟಿದ್ದು ಸಂಕೇತವನ್ನು ಬೆಳಕಾಗಿ ಸಾಗಿಸುವ ಆಪ್ಟಿಕಲ್ ಕೇಬಲ್ ಸಲಹೆ. ಸಿಎಂಐ8738 ಚಿಪ್ ಇರುವ ಅಗ್ಗದ ಕಾರ್ಡ್ ತಂದೆ; ಅನಲಾಗ್ ಭಾಗವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅಷ್ಟು ಸಾಕು. ದುಬಾರಿ ಕೋಆಕ್ಸಿಯಲ್ ಕೇಬಲ್ ಹಾಕಿದರೂ ಸದ್ದು ಹಾಗೆಯೇ ಇತ್ತು. ಅದರೊಳಗಿನ ತಾಮ್ರದ ತಂತಿ ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್‌ನ ಅರ್ತಿಂಗನ್ನು ಜೋಡಿಸಿಬಿಡುತ್ತದೆ; ಗುಂಯ್ ಸದ್ದು ಬರುತ್ತಿದ್ದುದು ಆ ದಾರಿಯಲ್ಲೇ. ಬೆಳಕಿನಲ್ಲಿ ಆ ಕೊಂಡಿಯೇ ಇಲ್ಲ. ಆಪ್ಟಿಕಲ್ ಸಿಕ್ಕಿಸಿದೊಡನೆ ಪೂರ್ತಿ ನಿಶ್ಶಬ್ದ! ಕೇಬಲ್ ತುದಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ತೆಗೆಯಲು ಮರೆಯಬೇಡಿ.

ಅಚ್ಚರಿಯ ಸಂಗತಿ ಬೇರೆಯೇ ಇದೆ. ಸಿಡಿಯ ಹಾಡಿನ ಸ್ಯಾಂಪಲ್ ದರ (ಸೆಕೆಂಡಿಗೆ ಸದ್ದಿನ ಎಷ್ಟು ಮಾದರಿಗಳು ಎಂಬ ಲೆಕ್ಕ) 44.1 ಕಿಲೋಹರ್ಟ್ಸ್, ಆದರೆ ಡ್ಯಾಕ್‌ನ ಪರದೆ 48 ಎಂದೇ ತೋರಿಸುತ್ತಿತ್ತು. ಡ್ರೈವರ್ ಬದಲಿಸಿ ನೋಡಿ ಎಂದ ಸಲಹೆಯಿಂದ ಏನೂ ಆಗಲಿಲ್ಲ. ಈ ದರವನ್ನು ಬದಲಿಸುತ್ತಿದ್ದುದು ಎಲ್ಲ ಪ್ರೋಗ್ರಾಂಗಳ ಸದ್ದನ್ನು ಬೆರೆಸುವ ವಿಂಡೋಸ್‌ನ ಮಿಕ್ಸರ್. ಹಾಡು ನುಡಿಸುವ ಫೂಬಾರ್2000 ಪ್ರೋಗ್ರಾಂನಲ್ಲಿ, ಮಿಕ್ಸರನ್ನು ಬಿಟ್ಟು ನೇರವಾಗಿ ಕಾರ್ಡಿಗೆ ಸದ್ದು ಕಳಿಸುವ ವಾಸಾಪಿ ಎಕ್ಸ್‌ಕ್ಲೂಸಿವ್ ಆರಿಸಿದ ಮೇಲೆ ಪರದೆಯಲ್ಲಿ 44.1 ಬಂತು. ಹಾಡು ನಡೆಯುವಾಗ ಬ್ರೌಸರ್‌ನ ಸದ್ದು ಮಾತ್ರ ಬರುವುದಿಲ್ಲ. ನನಗೆ ಅದು ಒಳ್ಳೆಯದೇ.